ಮಾಲೆ ವಿಮಾನ ನಿಲ್ದಾಣದ ಒಪ್ಪಂದ: ಕಂಪನಿಯ ಬೆನ್ನಿಗೆ ನಿಂತ ಹೈಕಮಿಷನ್ ಮತ್ತು ಅದರ ಮಿತಿಗಳು

ವಿದೇಶದಲ್ಲಿ ಬಂಡವಾಳ ಹೂಡುವ ಕಂಪನಿಗೆ ಸ್ವದೇಶದ ರಾಯಭಾರ ಕಚೇರಿಯಿಂದ ಎಂಥ ನೆರವು ಸಿಗುತ್ತದೆ, ಆ ನೆರವು ಯಾವ ಹಂತದಲ್ಲಿ ಫಲ ಕೊಡುತ್ತದೆ, ಯಾವಾಗ ಅದೇ ಕಂಪನಿಗೆ ಹೊರೆಯಾಗುತ್ತದೆ ಎಂಬುದನ್ನು ಅರಿಯಬೇಕಾದರೆ ಭಾರತದ ಮೂಲಸೌಕರ್ಯ ಕಂಪನಿಯಾದ ಜಿಎಂಆರ್ ಸಮೂಹ ಮಾಲ್ಡೀವ್ಸ್‌ನಲ್ಲಿ ಎದುರಿಸಿದ ಪ್ರಕರಣವನ್ನು ಮೊದಲಿನಿಂದ ಕೊನೆಯವರೆಗೆ ನೋಡಬೇಕು. 2010ರಲ್ಲಿ ಸಹಿಯಾದ ಒಂದು ಒಪ್ಪಂದ 2012ರಲ್ಲಿ ಮುರಿದುಬಿತ್ತು. ಅದರ ಲೆಕ್ಕ ಚುಕ್ತಾ ಆಗುವ ಹೊತ್ತಿಗೆ 2016 ಮುಗಿಯುತ್ತ ಬಂದಿತ್ತು. ಈ ಅವಧಿಯಲ್ಲಿ ಮಾಲೆಯಲ್ಲಿ ಸರ್ಕಾರಗಳು ಬದಲಾದವು, ಸಿಂಗಪುರದಲ್ಲಿ ನ್ಯಾಯಾಲಯಗಳು ಪರಸ್ಪರ ವಿರುದ್ಧವಾದ ಆದೇಶ ಕೊಟ್ಟವು, ಭಾರತದ ಹೈಕಮಿಷನರ್ ಅವರನ್ನೇ ಸಾರ್ವಜನಿಕ ಸಭೆಯೊಂದರಲ್ಲಿ ದೇಶದ ಶತ್ರು ಎಂದು ಕರೆಯಲಾಯಿತು. (ಕಾಮನ್‌ವೆಲ್ತ್ ದೇಶಗಳು ಪರಸ್ಪರ ಹೊಂದಿರುವ ರಾಯಭಾರ ಕಚೇರಿಗೆ ಹೈಕಮಿಷನ್ ಎಂಬ ಹೆಸರಿದೆ; ಕೆಲಸದಲ್ಲಿ ವ್ಯತ್ಯಾಸವಿಲ್ಲ.)

ಒಪ್ಪಂದ ಮತ್ತು ಅದರ ಲೆಕ್ಕಾಚಾರ

ಮಾಲ್ಡೀವ್ಸ್‌ನ ಮುಖ್ಯ ವಿಮಾನ ನಿಲ್ದಾಣ ಇರುವುದು ರಾಜಧಾನಿ ಮಾಲೆಗೆ ಹೊಂದಿಕೊಂಡಂತಿರುವ ಹುಳುಲೆ ದ್ವೀಪದಲ್ಲಿ. ಪ್ರವಾಸೋದ್ಯಮವನ್ನೇ ನಂಬಿ ಬದುಕುವ ದೇಶಕ್ಕೆ ಅದು ಹೆಬ್ಬಾಗಿಲು. ಅದನ್ನು ಆಧುನೀಕರಿಸಲು ಅಧ್ಯಕ್ಷ ಮೊಹಮದ್ ನಶೀದ್ ಅವರ ಸರ್ಕಾರ ಖಾಸಗಿ ಹೂಡಿಕೆಯ ದಾರಿ ಹಿಡಿಯಿತು. ವಿಶ್ವಬ್ಯಾಂಕ್ ಸಮೂಹಕ್ಕೆ ಸೇರಿದ ಅಂತರರಾಷ್ಟ್ರೀಯ ಹಣಕಾಸು ನಿಗಮವನ್ನು ಸಲಹೆಗಾರನನ್ನಾಗಿ ಇಟ್ಟುಕೊಂಡು ಟೆಂಡರ್ ನಡೆಸಿತು. ಜಿಎಂಆರ್ ಶೇಕಡ 77 ಮತ್ತು ಮಲೇಷ್ಯಾ ಏರ್‌ಪೋರ್ಟ್ಸ್ ಹೋಲ್ಡಿಂಗ್ಸ್ ಶೇಕಡ 23ರಷ್ಟು ಪಾಲು ಹೊಂದಿದ್ದ ಒಕ್ಕೂಟಕ್ಕೆ ಗುತ್ತಿಗೆ ಸಿಕ್ಕಿತು. 2010ರ ಜೂನ್ 28ರಂದು ಮಾಲ್ಡೀವ್ಸ್‌ನ ಹಣಕಾಸು ಸಚಿವಾಲಯ, ಸರ್ಕಾರಿ ಸ್ವಾಮ್ಯದ ಮಾಲ್ಡೀವ್ಸ್ ಏರ್‌ಪೋರ್ಟ್ಸ್ ಕಂಪನಿ ಮತ್ತು ಗುತ್ತಿಗೆದಾರ ಕಂಪನಿಯ ನಡುವೆ 25 ವರ್ಷಗಳ ಒಪ್ಪಂದಕ್ಕೆ ಸಹಿಯಾಯಿತು. ಯೋಜನೆಯ ಮೊತ್ತ ಸುಮಾರು 51 ಕೋಟಿ ಡಾಲರ್. ಆರಂಭದಲ್ಲೇ ಸರ್ಕಾರಕ್ಕೆ 7.8 ಕೋಟಿ ಡಾಲರ್ ಪಾವತಿಯಾಯಿತು.

ಆದಾಯ ಹಂಚಿಕೆಯ ರಚನೆಯನ್ನು ಇಲ್ಲಿ ಗಮನಿಸಬೇಕು. ಸರ್ಕಾರದ ಕಡೆಗೆ 2014ರವರೆಗೆ ಒಟ್ಟು ಆದಾಯದ ಶೇಕಡ 1, ಅಲ್ಲಿಂದಾಚೆಗೆ ಶೇಕಡ 10. ಇಂಧನ ಮಾರಾಟದ ಆದಾಯದಲ್ಲಿ 2014ರವರೆಗೆ ಶೇಕಡ 15, ನಂತರ ಶೇಕಡ 27. ಅಂದರೆ ಮೊದಲು ಕಟ್ಟುವ ಖರ್ಚು, ಆಮೇಲೆ ಸರ್ಕಾರಕ್ಕೆ ಹೆಚ್ಚಿನ ಪಾಲು. ಹಣಕಾಸಿನ ದೃಷ್ಟಿಯಿಂದ ಇದು ಸಮಂಜಸವಾದ ರಚನೆಯೇ. ರಾಜಕೀಯದ ದೃಷ್ಟಿಯಿಂದ ಮಾತ್ರ ಅಪಾಯದ್ದು, ಏಕೆಂದರೆ ಮೊದಲ ಕೆಲವು ವರ್ಷ ಜನರ ಕಣ್ಣಿಗೆ ಬೀಳುವುದು ಪರದೇಶದ ಕಂಪನಿಯ ಹೆಸರು ಮತ್ತು ಕಡಿಮೆಯಾದ ಸರ್ಕಾರಿ ವರಮಾನ ಮಾತ್ರ. ಲಾಭ ಕಾಣಿಸಿಕೊಳ್ಳುವ ಹೊತ್ತಿಗೆ ಚುನಾವಣೆಯೊಂದು ಮುಗಿದಿರುತ್ತದೆ.

ಒಪ್ಪಂದದ ಸುತ್ತಲಿನ ಹವೆಯೂ ಶಾಂತವಾಗಿರಲಿಲ್ಲ. ಸಹಿ ಬೀಳುವ ಮೊದಲೇ ವಿರೋಧ ಪಕ್ಷಗಳು ಇದನ್ನು ವಿರೋಧಿಸಿದ್ದವು. ಸಹಿಯಾದ ಮರುದಿನವೇ, ಅಂದರೆ ಜೂನ್ 29ರಂದು, ಸಂಸತ್ತಿನೊಂದಿಗಿನ ಜಟಾಪಟಿಯ ಕಾರಣಕ್ಕೆ ನಶೀದ್ ಅವರ ಇಡೀ ಸಂಪುಟ ರಾಜೀನಾಮೆ ಕೊಟ್ಟಿತು. ಇಪ್ಪತ್ತೈದು ವರ್ಷದ ಒಪ್ಪಂದಕ್ಕೆ ಕೈ ಹಾಕಿದ ಸರ್ಕಾರಕ್ಕೆ ಸಂಸತ್ತಿನಲ್ಲಿ ಬಹುಮತವೇ ಇರಲಿಲ್ಲ ಎಂಬ ಸಂಗತಿಗಿಂತ ಮುಖ್ಯವಾದ ಮಾರುಕಟ್ಟೆ ಮಾಹಿತಿ ಹೂಡಿಕೆದಾರನಿಗೆ ಬೇರೆ ಯಾವುದೂ ಇರಲಾರದು. ಅಂಥ ಮಾಹಿತಿಯನ್ನು ತೂಗಿ ನೋಡಿ ಹೇಳುವ ಸಾಮರ್ಥ್ಯ ಲೆಕ್ಕಪರಿಶೋಧಕರಿಗಾಗಲಿ ವಕೀಲರಿಗಾಗಲಿ ಇರುವುದಿಲ್ಲ; ಅದು ಆ ರಾಜಧಾನಿಯಲ್ಲಿ ದಿನನಿತ್ಯ ಎಲ್ಲ ಪಕ್ಷಗಳವರೊಡನೆ ಮಾತಾಡುವ ರಾಜತಾಂತ್ರಿಕರಿಗೆ ಇರುತ್ತದೆ.

ರಾಯಭಾರ ಕಚೇರಿಗೆ ಕಾನೂನು ಕೊಟ್ಟಿರುವ ಜಾಗ

ರಾಜತಾಂತ್ರಿಕ ಸಂಬಂಧಗಳ ಕುರಿತ 1961ರ ವಿಯೆನ್ನಾ ಒಡಂಬಡಿಕೆಯ 3ನೇ ವಿಧಿ ರಾಯಭಾರ ಕಚೇರಿಯ ಕೆಲಸಗಳನ್ನು ಹೇಳುವಾಗ, ಅಂತರರಾಷ್ಟ್ರೀಯ ಕಾನೂನಿನ ಮಿತಿಯೊಳಗೆ ತನ್ನ ದೇಶದ ಮತ್ತು ಪ್ರಜೆಗಳ ಹಿತ ಕಾಯುವುದನ್ನೂ, ಎರಡು ದೇಶಗಳ ಆರ್ಥಿಕ ಸಂಬಂಧ ಬೆಳೆಸುವುದನ್ನೂ ಸೇರಿಸುತ್ತದೆ. ಅದೇ ಒಡಂಬಡಿಕೆಯ 41ನೇ ವಿಧಿ, ಆತಿಥೇಯ ದೇಶದ ಆಂತರಿಕ ವ್ಯವಹಾರದಲ್ಲಿ ತಲೆ ಹಾಕಬಾರದು ಎನ್ನುತ್ತದೆ. ಹೊಸ ಮಾರುಕಟ್ಟೆಯ ಮಾಹಿತಿ ಕೊಡುವುದು, ಖರೀದಿದಾರರನ್ನು ಪರಿಚಯಿಸುವುದು, ಟೆಂಡರ್ ಪ್ರಕಟಣೆ ತಲುಪಿಸುವುದು, ಸಚಿವಾಲಯದಲ್ಲಿ ಭೇಟಿ ಗೊತ್ತುಮಾಡುವುದು ಮೊದಲಾದ ವಾಣಿಜ್ಯ ವಿಭಾಗದ ದಿನನಿತ್ಯದ ಕೆಲಸಗಳು 3ನೇ ವಿಧಿಯೊಳಗೆ ಆರಾಮವಾಗಿ ಕೂರುತ್ತವೆ. ಆದರೆ ವಿಮಾನ ನಿಲ್ದಾಣದಂಥ ಆಸ್ತಿಯ ವಿಷಯದಲ್ಲಿ ಕಂಪನಿಯ ಒಪ್ಪಂದವೇ ಆ ದೇಶದ ಆಂತರಿಕ ರಾಜಕೀಯದ ಮುಖ್ಯ ವಿಷಯವಾಗಿಬಿಟ್ಟಾಗ, ಒಂದು ವಿಧಿಯನ್ನು ಪಾಲಿಸುವ ಪ್ರತಿ ಹೆಜ್ಜೆಯೂ ಇನ್ನೊಂದರ ಗಡಿಗೆ ತಾಗುತ್ತದೆ. ಮಾಲೆಯಲ್ಲಿ ಆದದ್ದು ಇದೇ.

ಇನ್ನೊಂದು ತೊಡಕು ಕಾನೂನಿನದ್ದು. ನಿಲ್ದಾಣವನ್ನು ನಡೆಸಲು ರಚಿಸಿದ ಕಂಪನಿ ನೋಂದಣಿಯಾದದ್ದು ಮಾಲ್ಡೀವ್ಸ್‌ನಲ್ಲಿ. ಬೆಲ್ಜಿಯಂ ಮತ್ತು ಸ್ಪೇನ್ ನಡುವಿನ ಬಾರ್ಸಿಲೋನಾ ಟ್ರಾಕ್ಷನ್ ಪ್ರಕರಣದಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ 1970ರಲ್ಲಿ ಕೊಟ್ಟ ತೀರ್ಪಿನ ಪ್ರಕಾರ, ಕಂಪನಿಯೊಂದರ ಪರವಾಗಿ ರಾಜತಾಂತ್ರಿಕ ರಕ್ಷಣೆಯ ಹಕ್ಕು ಚಲಾಯಿಸುವುದು ಸಾಮಾನ್ಯವಾಗಿ ಆ ಕಂಪನಿ ನೋಂದಣಿಯಾದ ದೇಶ, ಷೇರುದಾರರ ದೇಶವಲ್ಲ. ಭಾರತ ಮತ್ತು ಮಾಲ್ಡೀವ್ಸ್ ನಡುವೆ ಹೂಡಿಕೆ ರಕ್ಷಣಾ ಒಪ್ಪಂದವೂ ಜಾರಿಯಲ್ಲಿರಲಿಲ್ಲ. ಹೀಗಾಗಿ ಹೈಕಮಿಷನ್ ಕೈಯಲ್ಲಿದ್ದದ್ದು ಹಕ್ಕಲ್ಲ, ಮಾತು ಮತ್ತು ಪ್ರಭಾವ. 1988ರ ನವೆಂಬರ್‌ನಲ್ಲಿ ಮಾಲೆಯ ಸರ್ಕಾರವನ್ನು ಉರುಳಿಸುವ ಯತ್ನವನ್ನು ತಡೆಯಲು ಸೇನೆ ಕಳಿಸಿದ್ದ ದೇಶದ ಮಾತಿಗೆ ತೂಕವಿತ್ತು ನಿಜ. ಆದರೆ ಆ ತೂಕವೇ ಒಂದು ವಾಣಿಜ್ಯ ವಿವಾದದಲ್ಲಿ ಬಳಕೆಯಾದಾಗ ಸಣ್ಣ ದೇಶದ ಜನರಿಗೆ ಅದು ಬೆದರಿಕೆಯಂತೆ ಕಾಣುವ ಸಾಧ್ಯತೆಯೂ ಅಷ್ಟೇ ಇತ್ತು.

25 ಡಾಲರ್ ಶುಲ್ಕ

ವಿವಾದ ಬಿಗಡಾಯಿಸಿದ್ದು ಪ್ರಯಾಣಿಕರಿಂದ ಪಡೆಯಬೇಕಿದ್ದ ಶುಲ್ಕದಿಂದ. ಹೊರಹೋಗುವ ಪ್ರತಿ ಅಂತರರಾಷ್ಟ್ರೀಯ ಪ್ರಯಾಣಿಕನಿಂದ 25 ಡಾಲರ್ ನಿಲ್ದಾಣ ಅಭಿವೃದ್ಧಿ ಶುಲ್ಕವನ್ನೂ 2 ಡಾಲರ್ ವಿಮಾ ಶುಲ್ಕವನ್ನೂ 2012ರ ಜನವರಿಯಿಂದ ವಸೂಲು ಮಾಡಲು ಒಪ್ಪಂದದಲ್ಲಿ ಅವಕಾಶವಿತ್ತು. ವಿರೋಧ ಪಕ್ಷವೊಂದು ಸಿವಿಲ್ ನ್ಯಾಯಾಲಯಕ್ಕೆ ಹೋಯಿತು. ಸಂಸತ್ತಿನ ಒಪ್ಪಿಗೆಯಿಲ್ಲದೆ ಇಂಥ ಶುಲ್ಕ ಹೇರುವಂತಿಲ್ಲ ಎಂದು ನ್ಯಾಯಾಲಯ 2011ರ ಡಿಸೆಂಬರ್‌ನಲ್ಲಿ ಹೇಳಿತು. ಯೋಜನೆಯ ಹಣಕಾಸಿನ ಒಂದು ಕಂಬ ಅಲ್ಲಿಗೆ ಕುಸಿಯಿತು. ಆಗ ನಶೀದ್ ಸರ್ಕಾರ ಒಂದು ತಾತ್ಕಾಲಿಕ ವ್ಯವಸ್ಥೆಗೆ ಒಪ್ಪಿತು: ಬಾರದ ಶುಲ್ಕದ ಮೊತ್ತವನ್ನು ಕಂಪನಿಯು ಸರ್ಕಾರಕ್ಕೆ ಕೊಡಬೇಕಾದ ಗುತ್ತಿಗೆ ಹಣದಲ್ಲಿ ಮುರಿದುಕೊಳ್ಳಬಹುದು.

2012ರ ಫೆಬ್ರವರಿ 7ರಂದು ನಶೀದ್ ಅಧಿಕಾರ ಬಿಟ್ಟರು, ಉಪಾಧ್ಯಕ್ಷರಾಗಿದ್ದ ಮೊಹಮದ್ ವಹೀದ್ ಅಧ್ಯಕ್ಷರಾದರು. ಹಿಂದಿನ ವಿರೋಧ ಪಕ್ಷಗಳೇ ಈಗ ಆಡಳಿತದಲ್ಲಿದ್ದವು. 2012ರ ಮೊದಲ ತ್ರೈಮಾಸಿಕದಲ್ಲಿ ಸುಮಾರು 87 ಲಕ್ಷ ಡಾಲರ್ ನಿರೀಕ್ಷಿಸಿದ್ದ ಸರ್ಕಾರಿ ನಿಲ್ದಾಣ ಕಂಪನಿಗೆ ಮುರಿದುಕೊಂಡ ನಂತರ ಬಂದದ್ದು ಸುಮಾರು 5.25 ಲಕ್ಷ ಡಾಲರ್. ಮುಂದಿನ ತ್ರೈಮಾಸಿಕದಲ್ಲಿ ಹಣ ಬರುವ ಬದಲು, ನೀವೇ ನಮಗೆ ಕೊಡಬೇಕು ಎಂಬ ಬಾಕಿ ಪಟ್ಟಿ ಬಂತು. ಒಪ್ಪಂದದ ಅಕ್ಷರಕ್ಕೆ ಕಂಪನಿ ಬದ್ಧವಾಗಿತ್ತೆಂದೇ ಇಟ್ಟುಕೊಳ್ಳೋಣ. ಆದರೂ ಡಾಲರ್ ಕೊರತೆಯಿಂದ ಒದ್ದಾಡುತ್ತಿದ್ದ ಖಜಾನೆಯ ಮೇಜಿನ ಮೇಲೆ ಆ ಕಾಗದ ಹೇಗೆ ಕಂಡಿರಬಹುದು ಎಂಬುದನ್ನು ಯೋಚಿಸಬೇಕು. ದೇಶದ ಹೆಬ್ಬಾಗಿಲನ್ನು ಪರರಿಗೆ ಕೊಟ್ಟು ನಾವೇ ಅವರಿಗೆ ಹಣ ಕೊಡಬೇಕೆ ಎಂಬ ಒಂದೇ ವಾಕ್ಯಕ್ಕೆ ಉತ್ತರ ಕೊಡಲು ಒಪ್ಪಂದದ ಯಾವ ಷರತ್ತಿನಿಂದಲೂ ಸಾಧ್ಯವಿರಲಿಲ್ಲ.

ನನ್ನ ಅಭಿಪ್ರಾಯದಲ್ಲಿ ರಾಜತಾಂತ್ರಿಕ ನೆರವು ಅತ್ಯಂತ ಹೆಚ್ಚು ಬೆಲೆಬಾಳಬಹುದಾಗಿದ್ದದ್ದು ಫೆಬ್ರವರಿಯಿಂದ ನವೆಂಬರ್‌ವರೆಗಿನ ಈ ಹತ್ತು ತಿಂಗಳಲ್ಲಿ. ಶುಲ್ಕದ ಪ್ರಶ್ನೆಗೆ ಮೂರು ದಾರಿಗಳಿದ್ದವು: ಸಂಸತ್ತಿನ ಮೂಲಕ ಕಾನೂನು ತರುವುದು, ಶುಲ್ಕದ ಪ್ರಮಾಣ ಇಳಿಸಿ ಅವಧಿ ಹೆಚ್ಚಿಸುವುದು, ಸ್ಥಳೀಯ ಪ್ರಜೆಗಳನ್ನು ಅದರಿಂದ ಹೊರಗಿಟ್ಟು ವಿದೇಶಿ ಪ್ರವಾಸಿಗಳಿಗೆ ಮಾತ್ರ ಅನ್ವಯಿಸುವುದು. ಯಾವ ದಾರಿ ಹಿಡಿದರೂ ಕಂಪನಿ, ಹಣಕಾಸು ಸಚಿವಾಲಯ ಮತ್ತು ಸಂಸತ್ತಿನ ಪಕ್ಷಗಳು ಒಂದೇ ಕೋಣೆಯಲ್ಲಿ ಕೂರಬೇಕಿತ್ತು. ಅಂಥ ಕೋಣೆಯನ್ನು ಸದ್ದಿಲ್ಲದೆ ಒದಗಿಸುವುದು ರಾಯಭಾರ ಕಚೇರಿಗೆ ಸಲ್ಲುವ ಕೆಲಸ. ಇದನ್ನು ಏಕಾಂಗಿಯಾಗಿ ಮಾಡಬೇಕಾಗಿಯೂ ಇರಲಿಲ್ಲ. ಟೆಂಡರ್ ನಡೆಸಿಕೊಟ್ಟದ್ದು ಅಂತರರಾಷ್ಟ್ರೀಯ ಹಣಕಾಸು ನಿಗಮ, ಒಕ್ಕೂಟದಲ್ಲಿ ಸುಮಾರು ಕಾಲು ಪಾಲು ಮಲೇಷ್ಯಾದ್ದು. ಈ ಎರಡೂ ಕಡೆಯವರು ಎದುರಿಗೆ ನಿಂತು ಮಾತಾಡಿದ್ದರೆ ಅದು ಹೂಡಿಕೆಯ ಪ್ರಶ್ನೆಯಾಗಿಯೇ ಉಳಿಯುವ ಸಂಭವವಿತ್ತು. ಭಾರತವೊಂದೇ ಮುಂದೆ ನಿಂತಾಗ ಅದು ಸಾರ್ವಭೌಮತ್ವದ ಪ್ರಶ್ನೆಯಾಯಿತು.

ನವೆಂಬರ್ 2012

ನವೆಂಬರ್ ಹೊತ್ತಿಗೆ ಮಾಲೆಯ ಬೀದಿಗಳಲ್ಲಿ ಒಪ್ಪಂದದ ವಿರುದ್ಧ ಸಭೆಗಳು ನಡೆಯುತ್ತಿದ್ದವು. ಅಂಥ ಒಂದು ಸಭೆಯಲ್ಲಿ ಅಧ್ಯಕ್ಷರ ವಕ್ತಾರರೇ ಭಾರತದ ಹೈಕಮಿಷನರ್ ಅವರನ್ನು ಮಾಲ್ಡೀವ್ಸ್‌ನ ದ್ರೋಹಿ, ಶತ್ರು ಎಂದು ಕರೆದರು. ಅದು ಸರ್ಕಾರದ ಅಭಿಪ್ರಾಯವಲ್ಲ ಎಂದು ಅಧ್ಯಕ್ಷರ ಕಚೇರಿ ನಂತರ ದೂರ ಸರಿಯಿತು. ಆರೋಪಕ್ಕೆ ಆಧಾರವಿತ್ತೇ ಎಂಬುದು ಇಲ್ಲಿನ ವಿಷಯವಲ್ಲ. ಒಬ್ಬ ರಾಯಭಾರಿಯ ಹೆಸರು ಆತಿಥೇಯ ದೇಶದ ಬೀದಿ ಸಭೆಯ ಭಾಷಣಕ್ಕೆ ಇಳಿದ ಮೇಲೆ, ಆ ವ್ಯಕ್ತಿ ಎಷ್ಟೇ ಸಮರ್ಥರಾಗಿದ್ದರೂ, ಮಧ್ಯಸ್ಥರಾಗಿ ಮಾತಾಡುವ ಅವಕಾಶ ಮುಗಿದಂತೆ. ಅಲ್ಲಿಂದ ಮುಂದೆ ಅವರು ಹೇಳಿದ್ದೆಲ್ಲ ಒಂದು ಪಕ್ಷದ ಮಾತಾಗಿಯೇ ಕೇಳಿಸುತ್ತದೆ.

ನವೆಂಬರ್ 27ರಂದು ವಹೀದ್ ಸರ್ಕಾರ ಒಪ್ಪಂದವು ಆರಂಭದಿಂದಲೇ ಅಸಿಂಧು ಎಂದು ಘೋಷಿಸಿ, ನಿಲ್ದಾಣ ಬಿಟ್ಟುಕೊಡಲು ಕಂಪನಿಗೆ ಏಳು ದಿನಗಳ ಗಡುವು ಕೊಟ್ಟಿತು. ಭಾರತದ ವಿದೇಶಾಂಗ ಸಚಿವಾಲಯ ಪ್ರತಿಕ್ರಿಯಿಸಿ, ಸರಿಯಾದ ಸಮಾಲೋಚನೆಯಿಲ್ಲದೆ ಕೈಗೊಂಡ ಈ ನಿರ್ಧಾರ ವಿದೇಶಿ ಹೂಡಿಕೆದಾರರಿಗೆ ಕೆಟ್ಟ ಸಂದೇಶ ಕೊಡುತ್ತದೆ ಎಂಬ ಅರ್ಥದ ಹೇಳಿಕೆ ನೀಡಿತು. ಅದೇ ದಿನಗಳಲ್ಲಿ ಮಾಲ್ಡೀವ್ಸ್ ಪ್ರಜೆಗಳಿಗೆ ಭಾರತದ ವೀಸಾ ಸಿಗುವುದೂ ಕಷ್ಟವಾಯಿತು. ಅದಕ್ಕೆ ಹೈಕಮಿಷನ್ ಕೊಟ್ಟ ಕಾರಣ ಬೇರೆ, ಮಾಲ್ಡೀವ್ಸ್‌ನಲ್ಲಿ ದುಡಿಯುವ ಭಾರತೀಯರ ಪಾಸ್‌ಪೋರ್ಟ್‌ಗಳನ್ನು ಮಾಲೀಕರು ಕಿತ್ತಿಟ್ಟುಕೊಳ್ಳುವುದೇ ಮೊದಲಾದ ದೂರುಗಳು. ಆ ದೂರುಗಳು ನಿಜವಾದವೇ, ಗಂಭೀರವಾದವೇ. ಆದರೆ ಚಿಕಿತ್ಸೆಗಾಗಿ ತಿರುವನಂತಪುರಕ್ಕೋ ಚೆನ್ನೈಗೋ ಹೊರಟ ಮಾಲೆಯ ಒಂದು ಕುಟುಂಬಕ್ಕೆ ಹೈಕಮಿಷನ್ ಎದುರಿನ ಸರದಿಯಲ್ಲಿ ನಿಂತಾಗ ಎರಡು ಸಂಗತಿಗಳ ನಡುವಿನ ಗೆರೆ ಕಾಣುವುದಿಲ್ಲ; ವಿಮಾನ ನಿಲ್ದಾಣದ ಸಿಟ್ಟನ್ನು ರೋಗಿಯ ಮೇಲೆ ತೀರಿಸಲಾಗುತ್ತಿದೆ ಎಂದೇ ಅನ್ನಿಸುತ್ತದೆ. ಕಂಪನಿಯ ಹಿತಕ್ಕೆ ಅದರಿಂದ ಆದ ಲಾಭ ಏನೂ ಇಲ್ಲ, ಅದರ ವಿರೋಧಿಗಳಿಗೆ ಮಾತ್ರ ಇನ್ನೊಂದು ವಾದ ಸಿಕ್ಕಿತು.

ಕಂಪನಿ ಆ ಹೊತ್ತಿಗೆ ಸಿಂಗಪುರದ ಬಾಗಿಲು ತಟ್ಟಿತ್ತು. ಒಪ್ಪಂದಕ್ಕೆ ಇಂಗ್ಲಿಷ್ ಕಾನೂನು ಅನ್ವಯ, ವಿವಾದ ಬಂದರೆ ಸಿಂಗಪುರದಲ್ಲಿ ಮಧ್ಯಸ್ಥಿಕೆ (ನ್ಯಾಯಾಲಯದ ಹೊರಗಿನ ಮಂಡಳಿಯೊಂದು ಕೊಡುವ, ಎರಡೂ ಕಡೆಗೆ ಬದ್ಧವಾಗುವ ತೀರ್ಪು) ಎಂದು ಮೊದಲೇ ಬರೆದುಕೊಂಡಿತ್ತು. ಡಿಸೆಂಬರ್ 3ರಂದು ಸಿಂಗಪುರದ ಹೈಕೋರ್ಟ್ ತಡೆಯಾಜ್ಞೆ ಕೊಟ್ಟಿತು. ಡಿಸೆಂಬರ್ 6ರಂದು ಅಲ್ಲಿನ ಮೇಲ್ಮನವಿ ನ್ಯಾಯಾಲಯ ಅದನ್ನು ತೆರವು ಮಾಡಿತು: ಸಾರ್ವಭೌಮ ಸರ್ಕಾರಕ್ಕೆ ತನ್ನ ನಿಲ್ದಾಣವನ್ನು ವಾಪಸು ಪಡೆಯುವ ಅಧಿಕಾರವಿದೆ, ಅದು ತಪ್ಪಾಗಿದ್ದರೆ ಹಣದ ಪರಿಹಾರ ಸಾಕಾಗುತ್ತದೆ ಎಂಬುದು ಆ ತೀರ್ಪಿನ ಸಾರ. ಮರುದಿನದ ಕೊನೆಗೆ ನಿಲ್ದಾಣ ಮಾಲ್ಡೀವ್ಸ್ ಕಂಪನಿಯ ಕೈ ಸೇರಿತು.

ಹೂಡಿಕೆದಾರರು ಈ ತೀರ್ಪನ್ನು ನಿರಾಶೆಯಿಂದ ಓದಿದರು. ಆದರೆ ಅದು ಹಾಕಿಕೊಟ್ಟ ವಿಭಜನೆ ಸರಿಯಾದದ್ದು ಎಂದು ನಾನು ನಂಬುತ್ತೇನೆ. ಆಸ್ತಿಯ ಮೇಲಿನ ಹಿಡಿತ ರಾಜಕೀಯದ ವಿಷಯ, ನಷ್ಟದ ಲೆಕ್ಕ ನ್ಯಾಯದ ವಿಷಯ. ಹಿಡಿತವನ್ನು ಉಳಿಸಿಕೊಡಲು ರಾಯಭಾರ ಕಚೇರಿಯಿಂದಾಗಲಿ ನ್ಯಾಯಾಲಯದಿಂದಾಗಲಿ ಆಗದು ಎಂದು ಮೊದಲೇ ಒಪ್ಪಿಕೊಂಡಿದ್ದರೆ, ನವೆಂಬರ್ ತಿಂಗಳ ಎಲ್ಲ ಶಕ್ತಿಯನ್ನೂ ಗೌರವಯುತವಾದ ನಿರ್ಗಮನದ ಮಾತುಕತೆಗೆ ಬಳಸಬಹುದಿತ್ತು. ಅದಕ್ಕೆ ಬೇಕಾದ ದಾರಿ ಒಪ್ಪಂದದೊಳಗೇ ಇತ್ತು. ಸಾರ್ವಜನಿಕ ಹಿತದ ಕಾರಣಕ್ಕೆ ನೋಟಿಸ್ ಕೊಟ್ಟು, ಲೆಕ್ಕ ಹಾಕಿದ ಮೊತ್ತ ಪಾವತಿಸಿ ಸರ್ಕಾರವು ಒಪ್ಪಂದ ಕೊನೆಗೊಳಿಸಬಹುದು ಎಂಬ ಷರತ್ತು ಅದರಲ್ಲಿತ್ತು. ಒಪ್ಪಂದ ಹುಟ್ಟಿದ್ದೇ ತಪ್ಪು ಎಂದು ಸಾರುವ ಬದಲು ಆ ಷರತ್ತನ್ನು ಬಳಸಿ ಎಂದು ಮಾಲೆಗೆ, ಆ ಮೊತ್ತಕ್ಕೆ ಒಪ್ಪಿ ಎಂದು ಕಂಪನಿಗೆ ಹೇಳಬಲ್ಲ ಸ್ಥಾನದಲ್ಲಿದ್ದದ್ದು ಎರಡು ದೇಶಗಳ ರಾಜತಾಂತ್ರಿಕರು ಮಾತ್ರ.

ತೀರ್ಪು ಮತ್ತು ಹಣ

ಮಧ್ಯಸ್ಥಿಕೆ ನ್ಯಾಯಮಂಡಳಿ 2014ರ ಜೂನ್ 18ರಂದು ಹೊಣೆಗಾರಿಕೆಯ ಪ್ರಶ್ನೆಯನ್ನು ತೀರ್ಮಾನಿಸಿತು. ಒಪ್ಪಂದ ಅಸಿಂಧುವಾಗಿರಲಿಲ್ಲ, ಅದು ಎರಡೂ ಕಡೆಗೆ ಬದ್ಧವಾಗಿತ್ತು, ಅದನ್ನು ಮುರಿದದ್ದು ಕಾನೂನುಬಾಹಿರ, ಆದ ನಷ್ಟಕ್ಕೆ ಸರ್ಕಾರವೂ ಸರ್ಕಾರಿ ನಿಲ್ದಾಣ ಕಂಪನಿಯೂ ಜಂಟಿಯಾಗಿ ಹೊಣೆ ಎಂದಿತು. ಅದೇ ತೀರ್ಪು, ಪರಿಹಾರದ ಗಾತ್ರವು ಸಾರ್ವಜನಿಕ ಹಿತದ ಷರತ್ತಿನಡಿ ಒಪ್ಪಂದ ಕೊನೆಗೊಂಡಿದ್ದರೆ ಎಷ್ಟು ಸಿಗುತ್ತಿತ್ತೋ ಅಷ್ಟಕ್ಕೆ ಸೀಮಿತ ಎಂದೂ ಹೇಳಿತು. ಆರಂಭದಲ್ಲಿ ಕಂಪನಿ ಕೇಳಿದ್ದದ್ದು 140 ಕೋಟಿ ಡಾಲರ್. 2016ರ ಅಕ್ಟೋಬರ್‌ನಲ್ಲಿ ಬಂದ ಅಂತಿಮ ತೀರ್ಪಿನ ಮೊತ್ತ ಸುಮಾರು 27 ಕೋಟಿ ಡಾಲರ್. ನಾಲ್ಕು ವರ್ಷಗಳ ಕಾನೂನು ಹೋರಾಟ ಎರಡೂ ಕಡೆಯವರನ್ನು ತಂದು ನಿಲ್ಲಿಸಿದ್ದು 2012ರಲ್ಲೇ ಕೈಗೆಟುಕುವಂತಿದ್ದ ಅದೇ ಷರತ್ತಿನ ಎದುರು.

ತೀರ್ಪು ಕೈಯಲ್ಲಿದ್ದರೂ ಹಣ ವಸೂಲಾಗುವುದು ಬೇರೆ ಮಾತು. ವಿದೇಶಿ ಮಧ್ಯಸ್ಥಿಕೆ ತೀರ್ಪುಗಳನ್ನು ದೇಶಗಳ ನ್ಯಾಯಾಲಯಗಳು ಜಾರಿಗೊಳಿಸಬೇಕೆನ್ನುವ 1958ರ ನ್ಯೂಯಾರ್ಕ್ ಒಡಂಬಡಿಕೆಗೆ ಮಾಲ್ಡೀವ್ಸ್ ಸೇರಿದ್ದು 2019ರಲ್ಲಿ. ಅಂದರೆ 2016ರಲ್ಲಿ ಮಾಲೆಯ ನ್ಯಾಯಾಲಯದಲ್ಲಿ ಆ ಒಡಂಬಡಿಕೆಯ ಬಲ ಕಂಪನಿಗೆ ಇರಲಿಲ್ಲ. ಸೋತ ಕಡೆಯವರು ಕೊಡುವುದಿಲ್ಲ ಎಂದಿದ್ದರೆ ಬೇರೆ ದೇಶಗಳಲ್ಲಿ ಅವರ ಆಸ್ತಿ ಹುಡುಕಿಕೊಂಡು ಹೋಗಬೇಕಿತ್ತು. ಹಾಗಾಗಲಿಲ್ಲ. ನವೆಂಬರ್‌ನಲ್ಲೇ ಪಾವತಿ ನಡೆಯಿತು. ಮಾಲ್ಡೀವ್ಸ್‌ಗೆ ಮುಂದೆಯೂ ವಿದೇಶಿ ಸಾಲ, ವಿದೇಶಿ ಹೂಡಿಕೆ ಬೇಕಿತ್ತು. ಸಾಲ ಕೊಡುವವರ ಮುಂದೆ ತೀರ್ಪನ್ನು ಧಿಕ್ಕರಿಸಿದ ದೇಶವಾಗಿ ನಿಲ್ಲುವುದು ದುಬಾರಿಯಾಗುತ್ತಿತ್ತು. ಅದೇ ಅಕ್ಟೋಬರ್‌ನಲ್ಲಿ ಮಾಲ್ಡೀವ್ಸ್ ಕಾಮನ್‌ವೆಲ್ತ್‌ನಿಂದ ಹೊರನಡೆದಿತ್ತು ಎಂಬುದನ್ನು ನೆನೆದರೆ, ಅಂತರರಾಷ್ಟ್ರೀಯ ಟೀಕೆಗೆ ಬೆಲೆ ಕೊಡದ ಸರ್ಕಾರವೂ ಮಧ್ಯಸ್ಥಿಕೆಯ ತೀರ್ಪಿಗೆ ತಲೆಬಾಗಿತು ಎಂಬುದು ಇನ್ನಷ್ಟು ಸ್ಪಷ್ಟವಾಗುತ್ತದೆ.

ಹೊರದೇಶಕ್ಕೆ ಹೊರಟ ಕಂಪನಿಯೊಂದು ಈ ಕಡತದಿಂದ ತೆಗೆದುಕೊಳ್ಳಬೇಕಾದದ್ದು ನನ್ನ ದೃಷ್ಟಿಯಲ್ಲಿ ಹೀಗಿದೆ. ರಾಯಭಾರ ಕಚೇರಿಯ ಬಾಗಿಲಿಗೆ ಟೆಂಡರ್ ಗೆದ್ದ ಮೇಲೆ ಹೂಗುಚ್ಛ ಹಿಡಿದು ಹೋಗುವುದಕ್ಕಿಂತ ಬಿಡ್ ಸಲ್ಲಿಸುವ ಮೊದಲು ಪ್ರಶ್ನೆಗಳ ಪಟ್ಟಿ ಹಿಡಿದು ಹೋಗುವುದು ಲೇಸು: ಸಂಸತ್ತಿನಲ್ಲಿ ಬಹುಮತ ಯಾರದ್ದು, ಈ ಯೋಜನೆಯನ್ನು ಯಾರು ಯಾಕೆ ವಿರೋಧಿಸುತ್ತಿದ್ದಾರೆ, ಶುಲ್ಕ ವಿಧಿಸಲು ಯಾವ ಕಾನೂನು ಬೇಕು, ಸರ್ಕಾರ ಬದಲಾದರೆ ಈ ಕಾಗದಕ್ಕೆ ಯಾರು ದನಿ ಕೊಡುತ್ತಾರೆ. ಅಧಿಕಾರದಲ್ಲಿರುವವರ ಜೊತೆ ಫೋಟೊ ತೆಗೆಸಿಕೊಂಡಷ್ಟೇ ಶ್ರದ್ಧೆಯಿಂದ ವಿರೋಧ ಪಕ್ಷದವರನ್ನೂ ಕಾರ್ಮಿಕ ಸಂಘದವರನ್ನೂ ಭೇಟಿಮಾಡಿಸಲು ವಾಣಿಜ್ಯ ಅಧಿಕಾರಿಯನ್ನು ಕೇಳಬೇಕು. ವಿವಾದ ಹುಟ್ಟಿದ ಮೇಲೆ ವಕೀಲರ ಕೆಲಸವನ್ನು ರಾಯಭಾರಿಯಿಂದ, ರಾಯಭಾರಿಯ ಕೆಲಸವನ್ನು ವಕೀಲರಿಂದ ನಿರೀಕ್ಷಿಸಬಾರದು. ಅಧಿಕಾರಿಗಳ ಕಡೆಯಿಂದಲೂ ಒಂದು ಎಚ್ಚರ ಬೇಕು. ಒಂದೇ ಟೆಂಡರಿಗೆ ಸ್ವದೇಶದ ಎರಡು ಕಂಪನಿಗಳು ಬಂದಾಗ ಹೇಗೆ ಯಾರ ಪರವೂ ವಕಾಲತ್ತು ಮಾಡದೆ ನ್ಯಾಯವಾದ ಸ್ಪರ್ಧೆಯನ್ನಷ್ಟೇ ಕೇಳುತ್ತಾರೋ, ಒಂದೇ ಕಂಪನಿ ಇದ್ದಾಗಲೂ ಪ್ರಕ್ರಿಯೆಯ ಪರವಾಗಿ ಮಾತಾಡುವುದೇ ಹೆಚ್ಚು ಕಾಲ ಬಾಳುವ ಮಾತು.

ನಿಲ್ದಾಣದ ಕಥೆ ಬೇರೆ ಕಡೆಗೆ ತಿರುಗಿತು. 2014ರ ಸೆಪ್ಟೆಂಬರ್‌ನಲ್ಲಿ ಚೀನಾದ ಅಧ್ಯಕ್ಷ ಷಿ ಜಿನ್‌ಪಿಂಗ್ ಮಾಲೆಗೆ ಬಂದಾಗ ನಿಲ್ದಾಣದ ವಿಸ್ತರಣೆಯ ಕೆಲಸ ಬೀಜಿಂಗ್ ಅರ್ಬನ್ ಕನ್‌ಸ್ಟ್ರಕ್ಷನ್ ಸಮೂಹದ ಪಾಲಾಯಿತು. ಭಾರತವೂ ತನ್ನ ವಿಧಾನ ಬದಲಿಸಿತು. 2020ರಲ್ಲಿ ಮಾಲೆ ಸುತ್ತಲಿನ ದ್ವೀಪಗಳನ್ನು ಸೇತುವೆ ಮತ್ತು ರಸ್ತೆಯಿಂದ ಜೋಡಿಸುವ ಯೋಜನೆಗೆ 40 ಕೋಟಿ ಡಾಲರ್ ಸಾಲ, 10 ಕೋಟಿ ಡಾಲರ್ ಅನುದಾನ ಘೋಷಿಸಿತು. 2021ರ ಆಗಸ್ಟ್‌ನಲ್ಲಿ ಅದರ ಕಾಮಗಾರಿ ಭಾರತದ ಅಫ್ಕಾನ್ಸ್ ಕಂಪನಿಗೆ ಸಿಕ್ಕಿತು. ಇಲ್ಲಿ ಕಂಪನಿ ಆಸ್ತಿಯ ಒಡೆತನ ಹೊಂದುವುದಿಲ್ಲ, ಪ್ರಯಾಣಿಕರಿಂದ ಶುಲ್ಕ ವಸೂಲು ಮಾಡುವುದಿಲ್ಲ, ಕಟ್ಟಿಕೊಟ್ಟು ಹೊರಡುತ್ತದೆ. ಸಾಲದ ಅಪಾಯ ಸರ್ಕಾರಗಳ ನಡುವೆ ಉಳಿಯುತ್ತದೆ. ಕಂಪನಿಗೆ ಇದು ಸುರಕ್ಷಿತ. ಹೈಕಮಿಷನ್‌ಗೆ ಮಾತ್ರ ಹಾಗಲ್ಲ, ಏಕೆಂದರೆ ಈ ವ್ಯವಸ್ಥೆಯಲ್ಲಿ ಕಾಮಗಾರಿ ತಡವಾದರೂ, ಸಾಲದ ಕಂತು ಭಾರವಾದರೂ ಜನ ಪ್ರಶ್ನಿಸುವುದು ಕಂಪನಿಯನ್ನಲ್ಲ, ನೇರವಾಗಿ ಸಾಲ ಕೊಟ್ಟ ದೇಶವನ್ನು.